ಶ್ರೀಮಾನ್ ಅಡಾಪ್ಟರ್ ಅವರಿಗೆ ಬಿನ್ನವತ್ತಳೆ

ಅಧ್ಯಕ್ಷತೆ ವಹಿಸಿರುವ ಮಾವನವರೇ, ಜಗಲಿಯ ತುಂಬ ನೆರೆದಿರುವ ನೆಂಟರಿಷ್ಟರೇ, ಸತ್ತವೆಂದು ಅಟ್ಟ ಸೇರಿದ್ದು ಇಂದು ವಿಶೇಷ ಆಹ್ವಾನಿತರಾಗಿ ಕೆಳಗಿಳಿದಿರುವ ರೌಟರುಗಳೇ,

ಇಂದು ಶಾಲು ಹೊದೆಸಿಕೊಂಡು ಕೂತವರು ಶ್ರೀಮಾನ್ ಅಡಾಪ್ಟರ್. ಟೀವಿ ಸ್ಟ್ಯಾಂಡಿನ ಹಿಂದೆ, ಜೇಡರ ಬಲೆಯ ನಡುವೆ, ಪ್ರಚಾರದ ಹಂಗಿಲ್ಲದೆ ಬಾಳಿದವರು. ಗೋಡೆಯ 230 ವೋಲ್ಟನ್ನು 12 ವೋಲ್ಟಿಗೆ ಇಳಿಸಿ ರೌಟರಿಗೆ ಉಣಿಸುವುದು ಇವರ ಕಾಯಕ. ಕಾಯಕ ಕೈಬಿಟ್ಟ ಮೇಲೂ ತಮ್ಮ ಹಸಿರು ದೀಪವನ್ನು ಇವರು ಆರಗೊಡಲಿಲ್ಲ. ಸಾರ್ವಜನಿಕ ಜೀವನದಲ್ಲಿರುವವರು ಇದನ್ನು ಗಮನಿಸಬೇಕು.

ಸಂಜೆ ಮನೆಮಂದಿಯೆಲ್ಲ ಫೋನ್ ಹಿಡಿದು ಕೂತರೆಂದರೆ ರೌಟರ್ ಆರಿ, ಮತ್ತೆ ಹತ್ತಿಕೊಳ್ಳುತ್ತಿತ್ತು. ಬೈಗುಳವೆಲ್ಲ ರೌಟರಿಗೆ. ಹೊಸದು ಬಂತು. ಜೋಡಿಸಲು ಬಂದ ಹುಡುಗ ಪಿನ್ನು ಸರಿಹೊಂದುತ್ತದೆಂದು ಹಳೇ ಅಡಾಪ್ಟರನ್ನೇ ಸಿಕ್ಕಿಸಿ, ಹೊಸದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೋದ. ಆ ರೌಟರಿಗೂ ಅದೇ ಗತಿ, ಅದರ ನಂತರದ್ದಕ್ಕೂ. ರೌಟರುಗಳು ಬಂದವು, ಹೋದವು. ಸನ್ಮಾನಿತರು ಮಾತ್ರ ಕುರ್ಚಿ ಬಿಡಲಿಲ್ಲ.

ವಿಚಾರಣೆಯೂ ನಡೆಯಿತೆನ್ನಿ. ಮೀಟರ್ ಹಿಡಿದರೆ ಸರಿಯಾಗಿ 12 ತೋರಿಸಿದರು! ಹೊರೆ ಇಲ್ಲದಾಗ ಯಾರು ತಾನೇ ಸರಿಯಿರುವುದಿಲ್ಲ? ರೌಟರ್ ಕರೆಂಟ್ ಎಳೆಯತೊಡಗಿದ ಮೇಲೆ ಅಳೆದಾಗ ವೋಲ್ಟೇಜ್ ಕುಸಿದು ಬಿತ್ತು. ಕವಚ ಬಿಚ್ಚಿ ನೋಡಿದರೆ, ಬಿಸಿಗೆ ಒಣಗಿದ ಕೆಪಾಸಿಟರ್ ನೆತ್ತಿ ಉಬ್ಬಿಸಿಕೊಂಡು ಕೂತಿದೆ. ಪೆಟ್ಟಿಗೆಯಲ್ಲಿದ್ದ ಅಡಾಪ್ಟರ್ ಹಾಕಿದ್ದೇ ತಡ, ಅಟ್ಟದ ಮಹನೀಯರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

ಒಬ್ಬರು ಮಾತ್ರ ನಿಜವಾಗಿಯೂ ತೀರಿಕೊಂಡಿದ್ದಾರೆ. ಅದರಲ್ಲಿ ಸನ್ಮಾನಿತರ ಕೈವಾಡವಿಲ್ಲ, ಅಪವಾದ ಬೇಡ. ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ನಮ್ಮ ಮಲೆನಾಡಿನವರು ಪ್ಲಗ್ ಕೀಳುತ್ತಾರೆ, ಸರಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಅದೂ ಸರಿ. ಆದರೆ ಕೊಟ್ಟಿಗೆಯ ಕ್ಯಾಮೆರಾಕ್ಕೆ ಅಂಗಳ ದಾಟಿಸಿ ಎಳೆದ ಲ್ಯಾನ್ ಕೇಬಲ್ ತಾಮ್ರದ್ದು. ಹತ್ತಿರದಲ್ಲೆಲ್ಲೋ ಸಿಡಿಲು ಹೊಡೆದರೂ ಆ ಉದ್ದದ ತಂತಿಯಲ್ಲಿ ವೋಲ್ಟೇಜ್ ಎದ್ದು ರೌಟರಿನ ಪೋರ್ಟಿಗೆ ನುಗ್ಗುತ್ತದೆ. ಕೇಬಲ್ ಸಿಕ್ಕಿಸುವ ತೂತಿನ ಸುತ್ತ ಆ ಕರಕಲು ಕಲೆ ಈಗಲೂ ಇದೆ, ಹತ್ತಿರ ಬಂದು ನೋಡಬಹುದು. ಇನ್ನು ದುಡ್ಡು ಕೊಟ್ಟು ತಂದ ಸರ್ಜ್ ಪ್ರೊಟೆಕ್ಟರ್? ಇದ್ದಿಲು, ಉಪ್ಪು ಹಾಕಿದ ನಮ್ಮ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಂದು ಕೊಡ ನೀರು ಕಂಡಿಲ್ಲ. ಪಾಪ, ಅದು ವಿದ್ಯುತ್ತನ್ನು ಎಲ್ಲಿಗೆಂದು ಕಳಿಸೀತು?

ಸಭಿಕರಲ್ಲಿ ವಿನಂತಿ: ರೌಟರ್ ಕೆಟ್ಟಿತೆಂದು ಪೇಟೆಗೆ ಓಡುವ ಮೊದಲು ಅಷ್ಟೇ ವೋಲ್ಟಿನ, ಆಂಪಿಯರ್ ಕಡಿಮೆಯಿಲ್ಲದ, ಪಿನ್ನಿನ ಪ್ಲಸ್-ಮೈನಸ್ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ. ಮೋಡ ಕಟ್ಟಿದರೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕೀಳಿ. ಗುಂಡಿಗೆ ನೀರು ಹೊಯ್ಯುವ ಜವಾಬ್ದಾರಿಯನ್ನು ಮಾವನವರು ಈ ವೇದಿಕೆಯಿಂದಲೇ ಘೋಷಿಸಲಿದ್ದಾರೆ. ಘೋಷಣೆಯಾದ ಕೂಡಲೇ ಊಟ. ಯಾರೂ ಹಾಗೇ ಹೋಗಬಾರದು.