ಎದುರು ಗುಡ್ಡದ ಬಾಡಿಗೆ

ಸಕಲೇಶಪುರದ ಕಾಫಿ ತೋಟದೊಳಗಿನ ಹೋಂಸ್ಟೇ ಕೋಣೆಯನ್ನೂ ಹಾಸನದ ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನ ಕೋಣೆಯನ್ನೂ ಹೋಲಿಸಿ ನೋಡಿ. ಮಂಚಕ್ಕೆ ಎರಡೂ ಕಡೆ ನಾಲ್ಕೇ ಕಾಲು. ಬಕೆಟ್ಟು ಮಗ್ಗು ಅವೇ. ಬಿಸಿನೀರು ಬಂದರೆ ಬಂತು. ತೋಟದಲ್ಲಿ ಜಿಗಣೆ ಉಚಿತ, ಅಷ್ಟೇ ಹೆಚ್ಚುವರಿ. ಆದರೂ ಬಾಡಿಗೆ ಮಾತ್ರ ಹಲವು ಪಟ್ಟು. ಅಕ್ಕಿ ರೊಟ್ಟಿ, ಕಡುಬು, ನಾಟಿಕೋಳಿ ಸಾರಿನ ಬೆಲೆ ಕಳೆದ ಮೇಲೂ ದೊಡ್ಡ ಮೊತ್ತವೇ ಉಳಿಯುತ್ತದೆ. ಅದು ಬೆಳಗಿನ ಮಂಜಿನ ಬಾಡಿಗೆ, ರಾತ್ರಿಯ ನಿಶ್ಶಬ್ದದ ಬಾಡಿಗೆ, ಜಗಲಿಯಲ್ಲಿ ಕಾಲು ಚಾಚಿ ಕುಳಿತರೆ ಕಾಣುವ ಎದುರು ಗುಡ್ಡದ ಬಾಡಿಗೆ. ಮಾಲೀಕರ ಪಹಣಿ ತೆಗೆಸಿದರೆ ಎಕರೆ, ಗುಂಟೆ, ಖರಾಬು ಎಲ್ಲಕ್ಕೂ ಜಾಗವಿದೆ. ಮಂಜಿಗೆ ಕಾಲಂ ಇಲ್ಲ. ಎದುರು ಗುಡ್ಡವಂತೂ ಬೇರೆಯವರ ಸರ್ವೆ ನಂಬರು. ಹಾಗಾಗಿ ಹೋಂಸ್ಟೇ ಎಂದರೆ ತನ್ನ ಮಂಚ ತೋರಿಸಿ ಪಕ್ಕದವರ ಗುಡ್ಡವನ್ನು ಬಾಡಿಗೆಗೆ ಬಿಡುವ ವ್ಯವಹಾರ. ತಪ್ಪೆಂದು ಹೇಳುತ್ತಿಲ್ಲ, ಬಿಲ್ಲಿನಲ್ಲಿ ಬರೆಯದಿರುವುದನ್ನು ಬರೆದೆ, ಅಷ್ಟೆ.

ಪಕ್ಕದವರು ಹಿಟಾಚಿ ತರಿಸುವ ದಿನದವರೆಗೆ ಈ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಅಂದು ಮಾತ್ರ ಮಾಲೀಕರಿಗೆ ಕಾನೂನಿನ ನೆನಪಾಗುತ್ತದೆ. ಕಾನೂನಿಗೋ, ನೋಟವೆಂದರೆ ಅಷ್ಟಕ್ಕಷ್ಟೆ. ಇಂಗ್ಲೆಂಡಿನಲ್ಲಿ 1610ರಲ್ಲಿ ಆಲ್ಡ್ರೆಡ್ ಎಂಬಾತ ನೆರೆಯವನ ಹಂದಿಗೂಡಿನ ಮೇಲೆ ದಾವೆ ಹೂಡಿ ಗೆದ್ದ. ದುರ್ವಾಸನೆ ಬಂದರೆ ಪರಿಹಾರವುಂಟು, ಚೆಂದದ ನೋಟ ತಪ್ಪಿತೆಂದು ದಾವೆ ಹೂಡುವಂತಿಲ್ಲ, ಏಕೆಂದರೆ ನೋಟ ಬರೀ ಸಂತೋಷದ ಸಂಗತಿ, ಅಗತ್ಯವಲ್ಲ ಎಂಬ ಮಾತು ಆ ಪ್ರಕರಣದಲ್ಲಿ ಬಂತು. ನಮ್ಮ 1882ರ ಈಸ್ಮೆಂಟ್ ಕಾಯಿದೆಯೂ ಇದೇ ಮನೆತನದ್ದು. ಮನೆಯ ಕಿಟಕಿಗೆ 20 ವರ್ಷ ಅಡ್ಡಿಯಿಲ್ಲದೆ ಬಂದ ಗಾಳಿ ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆ. ಬಯಲು ಜಾಗಕ್ಕೆ ಬೀಸುವ ಗಾಳಿಯ ಮೇಲೆ ಎಷ್ಟು ವರ್ಷ ಕಳೆದರೂ ಹಾಗೆ ಹುಟ್ಟುವುದಿಲ್ಲ. ಇನ್ನು ಸದ್ದು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಮಧುಚಂದ್ರಕ್ಕೆ ಬಂದ ಅತಿಥಿಗೆ ಬೆಳಗಾಗುವುದು ಒಂಬತ್ತೂವರೆಗೆ, ಕಾನೂನಿಗೆ ಆರಕ್ಕೇ ಆಗುತ್ತದೆ. ನಡುವಿನ ಮೂರೂವರೆ ಗಂಟೆಯಲ್ಲಿ ಜಲ್ಲಿಯ ಟಿಪ್ಪರು ಹಿಂದಕ್ಕೆ ಬರುತ್ತಾ ಹಾಡುವ ಪೀಂ ಪೀಂ ರಾಗಕ್ಕೆ ಬಾಡಿಗೆಯಲ್ಲಿ ಎಷ್ಟು ಕಡಿತ ಮಾಡಬೇಕು ಎಂಬುದೇ ಜಗಳ.

ಸದ್ದು ಅಂದರೆ ಸದ್ದೇ, ತೋಟದಲ್ಲಿ ಮೊದಲೇನು ಕಡಿಮೆಯಿತ್ತೇ ಎಂದು ಪಕ್ಕದವರು ಕೇಳಬಹುದು. ಕೇಳುವಂಥದೇ. ಹತ್ತಿರದಿಂದ ಕೇಳಿದರೆ ಕೆಲವು ಜಾತಿಯ ಜೀರುಂಡೆಗಳ ಕೂಗು ನೂರು ಡೆಸಿಬೆಲ್ ದಾಟುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಟ್ಟುನಿಟ್ಟಾದರೆ ಮೊದಲ ನೋಟಿಸು ಹೋಗಬೇಕಾದದ್ದು ಅವಕ್ಕೇ. ಕುಟ್ರು ಹಕ್ಕಿಯಂತೂ ಒಂದೇ ಮಾತನ್ನು ಬೆಳಗಿನಿಂದ ಹೇಳುತ್ತಿರುತ್ತದೆ, ಬೇರೆ ವಿಷಯವೇ ಇಲ್ಲ. ‘ಪ್ರಕೃತಿ’ ಎಂಬ ಮಾತೂ ಪೂರ್ತಿ ನಿಜವಲ್ಲ: ಕಾಫಿ ಅರಬ್ಬರ ನಾಡಿನಿಂದ ಬಂದದ್ದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಅಪ್ಪಟ ಸ್ಥಳೀಯವೆಂದರೆ ಮೆಣಸಿನ ಬಳ್ಳಿ ಮತ್ತು ಜಿಗಣೆ. ಇಷ್ಟನ್ನೂ ಒಪ್ಪೋಣ. ಆದರೆ ಜೀರುಂಡೆ ಕೂಗಿ ಕೂಗಿ ಸುಮ್ಮನಾದಾಗ ಅದು ಕೂತ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿರುವುದಿಲ್ಲ. ಅತಿಥಿ ಕೇಳುವುದು ಡೆಸಿಬೆಲನ್ನಲ್ಲ, ಆ ಸದ್ದಿನ ಹಿಂದಿರುವ ಕೆಲಸವನ್ನು. ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಿದ ಬೆಂಗಳೂರಿನವರು ತೋಟದಲ್ಲಿ ಒಂದು ಕಾಂಕ್ರೀಟ್ ಮಿಕ್ಸರಿಗೆ ಕೆರಳುವುದು ಕಿವಿ ಸೂಕ್ಷ್ಮವೆಂದಲ್ಲ. ಮನೆಯಲ್ಲಿ ಪುಕ್ಕಟೆ ಸಿಗುವುದನ್ನು ಇಲ್ಲಿ ದುಡ್ಡು ಕೊಟ್ಟು ಕೇಳಬೇಕಾಯಿತಲ್ಲ ಎಂದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೋಂಸ್ಟೇ ಕೂಡ ಒಂದು ಕಾಲಕ್ಕೆ ಕಾಮಗಾರಿಯೇ ಆಗಿತ್ತಲ್ಲವೇ? ಅದಕ್ಕೂ ಬರೆ ಕಡಿದು ನೆಲ ಮಟ್ಟ ಮಾಡಿರಲಿಲ್ಲವೇ? 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ ಮೇಲೆ, ಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣಗಳಲ್ಲಿ ಸೇರಿತು. ಆ ಕಡಿತದಲ್ಲಿ ರಸ್ತೆ, ರೆಸಾರ್ಟು, ಹೋಂಸ್ಟೇ ಎಲ್ಲಕ್ಕೂ ಪಾಲಿದೆ. ಅತಿಥಿಗೂ ಇದೆ: ಹೆದ್ದಾರಿ ನಾಲ್ಕು ಪಥವಾಗಿ ಬೇಗ ತಲುಪಬೇಕು, ತಲುಪಿದ ಮೇಲೆ ಹೆದ್ದಾರಿಯ ಸುಳಿವೇ ಇರಬಾರದು. ಬೆಳೆಗಾರರನ್ನು ಮಾತ್ರ ನಾನು ಅಷ್ಟು ಸುಲಭವಾಗಿ ದೂರಲಾರೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಖಾಲಿ ಕೋಣೆಯೇ ಎಷ್ಟೋ ತೋಟಗಳನ್ನು ಉಳಿಸಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿಯಲ್ಲಿ ಹೋಂಸ್ಟೇಗೆ ಹೆಚ್ಚೆಂದರೆ ಆರು ಕೋಣೆ, ಮನೆಯವರು ಅಲ್ಲೇ ವಾಸವಿರಬೇಕು. ಆರು ಕೋಣೆಗೆ ಗುಡ್ಡವನ್ನೇ ನೆಲಸಮ ಮಾಡಬೇಕಾಗಿಲ್ಲ. ಜಗಳವಿರುವುದು ಕಟ್ಟುವುದರಲ್ಲಲ್ಲ, ಕಟ್ಟುವ ಅಳತೆಯಲ್ಲಿ.

ಹಾಗಿದ್ದರೆ ನ್ಯಾಯವಾದ ದಾರಿ ಒಂದೇ: ಗುಡ್ಡದ ಹೆಸರಿನಲ್ಲಿ ವಸೂಲಾದ ಬಾಡಿಗೆಯಲ್ಲಿ ಗುಡ್ಡದವರಿಗೂ ಒಂದು ಪಾಲು. ಕಟ್ಟದೇ ಇರುವುದಕ್ಕೆ ಇಂತಿಷ್ಟು ಎಂದು ಕರಾರು ಬರೆದುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಏನೂ ಮಾಡದಿರುವುದಕ್ಕೆ ಸಂಬಳವೇ ಎಂದು ಹುಬ್ಬೇರಿಸಬೇಡಿ, ನಮ್ಮಲ್ಲಿ ಅದು ಹೊಸ ಪದ್ಧತಿಯಲ್ಲ. ತೊಡಕೂ ಇದೆ, ಒಪ್ಪುತ್ತೇನೆ. ವರ್ಷಕ್ಕೊಮ್ಮೆ ಒಂದು ಹಿಟಾಚಿಯನ್ನು ಅರ್ಧ ದಿನದ ಬಾಡಿಗೆಗೆ ತಂದು ಬೇಲಿಯ ಹತ್ತಿರ ಸುಮ್ಮನೆ ನಿಲ್ಲಿಸಿದರೆ ಸಾಕು, ಗುಡ್ಡದ ಪಾಲು ತಾನಾಗಿ ಏರುತ್ತದೆ. ಆದರೂ ಇದರಲ್ಲಿ ಆಗುವ ನಷ್ಟ ಅರ್ಧ ದಿನದ ಡೀಸೆಲ್ ಮಾತ್ರ.

ಕರಾರಾಗದಿದ್ದರೆ ಆಗುವುದನ್ನು ಊಹಿಸಬೇಕಾಗಿಲ್ಲ, ಏಕೆಂದರೆ ಎದುರು ಗುಡ್ಡದಲ್ಲಿ ಏಳುತ್ತಿರುವುದು ಬಹುಪಾಲು ಇನ್ನೊಂದು ಹೋಂಸ್ಟೇಯೇ. ಇವರ ವ್ಯಾಪಾರ ಚೆನ್ನಾಗಿ ನಡೆದದ್ದನ್ನು ಅವರು ಜಗಲಿಯಲ್ಲಿ ಕೂತು ನೋಡಿದ್ದಾರೆ. ಆ ಮನೆಗೂ ಒಂದು ಎದುರು ಗುಡ್ಡ ಬೇಕಲ್ಲ. ಅದು ಇವರ ತೋಟ. ಮುಂದಿನ ಡಿಸೆಂಬರಿನ ಹೊತ್ತಿಗೆ ಎರಡೂ ಬಾಲ್ಕನಿಗಳಲ್ಲಿ ಅತಿಥಿಗಳು ಮೊಬೈಲು ಎತ್ತಿ ಹಿಡಿದು, ಮಂಜು ಬರಲಿ, ಎದುರಿನ ಕಟ್ಟಡ ಬಾರದಿರಲಿ ಎಂದು ಒಂದು ಕಣ್ಣು ಮುಚ್ಚಿ ಕೋನ ಹುಡುಕುತ್ತಾ ನಿಂತಿರುತ್ತಾರೆ.