ಸೊಟ್ಟಗಾಗುವ ಕರ್ತವ್ಯ: ತೆಳುದರ್ಪಣವೊಂದರ ಸಂದರ್ಶನ

ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಪರಾನಾಲ್ ಶಿಖರದ ಮೇಲಿರುವ ಯೆಪುನ್ ದೂರದರ್ಶಕದ ದ್ವಿತೀಯ ದರ್ಪಣವು 1.12 ಮೀಟರ್ ಅಗಲವಿದ್ದರೂ ಸುಮಾರು ಎರಡೇ ಮಿಲಿಮೀಟರ್ ದಪ್ಪವಿದ್ದು, ಸಂದರ್ಶನಕ್ಕೆ ಒಪ್ಪುವಾಗ, ಉತ್ತರಿಸುವ ಹೊತ್ತಿನಲ್ಲೂ ತನ್ನ ಆಕಾರವು ಸೆಕೆಂಡಿಗೆ ಸಾವಿರ ಬಾರಿ ಬದಲಾಗುತ್ತಿರುವುದೆಂಬ ಷರತ್ತನ್ನು ವಿಧಿಸಿತು.

ಸೊಟ್ಟಗಾಗುವುದು ದರ್ಪಣಕುಲಕ್ಕೆ ಕಳಂಕವಲ್ಲವೇ ಎಂದು ಕೇಳಿದಾಗ, ಕಳಂಕವೇನಿದ್ದರೂ ವಾತಾವರಣದ್ದೆಂದು ಅದು ಖಂಡತುಂಡವಾಗಿ ನುಡಿಯಿತು. ನಕ್ಷತ್ರದಿಂದ ಸಮತಟ್ಟಾಗಿ ಬರುವ ಅಲೆಮುಖವು, ಎಂದರೆ ಒಂದೇ ಗಳಿಗೆಯಲ್ಲಿ ಹೊರಟ ಬೆಳಕು ಬಂದು ಮುಟ್ಟಿರುವ ಮೇಲ್ಮೈಯು, ಬಿಸಿ ಮತ್ತು ತಣ್ಣನೆಯ ಗಾಳಿಯ ಸುಳಿಗಳನ್ನು ಹಾಯುವಾಗ ಸುಕ್ಕುಗಟ್ಟುವುದರಿಂದ, 8.2 ಮೀಟರ್ ವ್ಯಾಸದ ಪ್ರಧಾನ ದರ್ಪಣವು ಬೆಳಕನ್ನು ರಾಶಿಗಟ್ಟಲೆ ಕೂಡಿಹಾಕಿದರೂ, ಸ್ಪಷ್ಟತೆಯಲ್ಲಿ ಗೇಣಗಲದ ದೂರದರ್ಶಕವನ್ನು ಹೆಚ್ಚೇನೂ ಮೀರಲಾರದು. ಇದನ್ನು ಹೇಳುವಾಗ ಕೆಳಗಿದ್ದ ಹಿರಿಯ ಸಹೋದ್ಯೋಗಿಯ ಬಗ್ಗೆ ದರ್ಪಣದ ದನಿಯಲ್ಲಿ ಗೌರವ ತುಸು ಕಡಿಮೆಯೇ ಇತ್ತು.

ಸುಕ್ಕನ್ನು ಸಂವೇದಕವು ಅಳೆದು, ಗಣಕವು ಲೆಕ್ಕಹಾಕಿ, ಬೆನ್ನ ಹಿಂದಿನ 1,170 ವಿದ್ಯುತ್ಕಾಂತೀಯ ಚಾಲಕಗಳು ದರ್ಪಣವನ್ನು ಅದಕ್ಕೆ ವಿರುದ್ಧವಾಗಿ ಬಾಗಿಸಿದಾಗ, ಪ್ರತಿಫಲಿಸಿದ ಅಲೆಮುಖವು ಮತ್ತೆ ಬಹುಮಟ್ಟಿಗೆ ಸಮತಟ್ಟಾಗುತ್ತದೆ. ಇದಕ್ಕೇ ಹೊಂದಾಣಿಕೆಯ ದ್ಯುತಿವಿಜ್ಞಾನವೆಂದು ಹೆಸರು. ಖಗೋಳವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ಇಂಥ ಉಪಾಯವನ್ನು 1953ರಲ್ಲೇ ಸೂಚಿಸಿದ್ದರೂ, ಸಾಕಷ್ಟು ವೇಗದ ಗಣಕಗಳಿಲ್ಲದೆ ಅದು ದಶಕಗಳ ಕಾಲ ಕಾಗದದಲ್ಲೇ ಉಳಿಯಿತು. ಈ ನಡುವೆ ಅಮೆರಿಕದ ಸೇನೆಯು ಉಪಗ್ರಹಗಳನ್ನು ದಿಟ್ಟಿಸುವ ಸಲುವಾಗಿ ಇದೇ ವಿದ್ಯೆಯನ್ನು ಸಾಧಿಸಿ, ಅದರ ಬಹುಭಾಗವನ್ನು 1991ರವರೆಗೂ ಗುಟ್ಟಾಗಿಟ್ಟಿತ್ತು. ಎಲ್ಲರಿಗೂ ಕಾಣುವ ಆಕಾಶವನ್ನು ಚೆನ್ನಾಗಿ ಕಾಣುವ ಬಗೆ ರಾಜ್ಯರಹಸ್ಯವಾದುದನ್ನು ದರ್ಪಣವು ಯಾವ ಬೆರಗೂ ಇಲ್ಲದೆ ವಿವರಿಸಿತು.

ಅಳತೆಗೆ ಬೇಕಾದಷ್ಟು ಪ್ರಕಾಶಮಾನವಾದ ನಕ್ಷತ್ರವು ಎಲ್ಲ ಕಡೆಯೂ ಸಿಗದ ಕಾರಣ, ನಾಲ್ಕು ಲೇಸರ್ ಕಿರಣಗಳು ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪರಮಾಣುಗಳನ್ನು ಬೆಳಗಿಸಿ ಕೃತಕ ತಾರೆಗಳನ್ನು ಸೃಷ್ಟಿಸುತ್ತವೆ. ಆದರೆ ಲೇಸರ್ ಬೆಳಕು ಹೋಗುವಾಗಲೂ ಬರುವಾಗಲೂ ಅದೇ ಗಾಳಿಯಲ್ಲಿ ಓಲಾಡುವುದರಿಂದ, ಬಿಂಬವು ಒಟ್ಟಾರೆ ಎತ್ತ ಸರಿಯಿತೆಂಬುದನ್ನು ತಿಳಿಯಲು ಒಂದು ಮಂದವಾದ ನಿಜನಕ್ಷತ್ರವಾದರೂ ಬೇಕು. ನೇಮಕಗೊಂಡ ತಾರೆಗಳ ಸಾಕ್ಷ್ಯಕ್ಕೆ ಇಷ್ಟು ಮಿತಿಯಿರುವುದು ಬೇರೆ ಕ್ಷೇತ್ರಗಳಲ್ಲೂ ಅಪರಿಚಿತವಲ್ಲ.

2018ರಲ್ಲಿ ನೆಪ್ಚೂನ್ ಗ್ರಹದ ಬಿಂಬವನ್ನು ಹಬಲ್ ದೂರದರ್ಶಕಕ್ಕಿಂತಲೂ ಸ್ಫುಟವಾಗಿ ಮೂಡಿಸಿದ್ದನ್ನು ದರ್ಪಣವು ಕೇಳದೆಯೇ ನೆನಪಿಸಿತು. ಹಾಗಾದರೆ ಇಡೀ ಚಂದ್ರನನ್ನು ಅದೇ ಸ್ಫುಟತೆಯಲ್ಲಿ ತೋರಿಸಬಾರದೇ ಎಂಬ ಪ್ರಶ್ನೆಗೆ ಮಾತ್ರ, ಆ ವಿಧಾನದಲ್ಲಿ ಒಮ್ಮೆಗೆ ಕಾಣುವುದು ಏಳೂವರೆ ಚಾಪ-ಸೆಕೆಂಡುಗಳಷ್ಟು, ಎಂದರೆ ಚಂದ್ರನ ಅಗಲದ ಸುಮಾರು 240ನೆಯ ಒಂದು ಪಾಲು ಮಾತ್ರವೆಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡು, ಅಗಲವಾದ ನೋಟವೇ ಬೇಕೆನ್ನುವವರು ಬೈನಾಕ್ಯುಲರ್ ಕೊಳ್ಳಬಹುದೆಂದು ಸಲಹೆಯಿತ್ತಿತು.