ಗಂಡಸಿ ಪುರಾಣಪಠನ ಮೀಮಾಂಸೆ

ಅಥಾತೋ ಪುರಾಣಜಿಜ್ಞಾಸಾ. ಅಂದರೆ, ಅರಸೀಕೆರೆ ಬಸ್ಸು ಇನ್ನೂ ಬಂದಿಲ್ಲವಾದ್ದರಿಂದ, ಇನ್ನು ಪುರಾಣದ ವಿಚಾರ. ‘ಅಥ’ ಎಂದರೆ ‘ಅನಂತರ’ ಎನ್ನುತ್ತಾರೆ ಭಾಷ್ಯಕಾರರು. ಯಾವುದರ ಅನಂತರ ಎಂಬಲ್ಲಿ ಮತಭೇದವಿದೆ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹ್ಯಾಂಡ್‌ಪೋಸ್ಟಿನ ಸಂಪ್ರದಾಯದಲ್ಲಿ ಅದು ಎರಡನೆಯ ಟೀ ಆದ ಅನಂತರ.

ವ್ಯುತ್ಪತ್ತಿ ಪ್ರಕರಣ

ಸ್ಥಳನಾಮವನ್ನು ಸೀಳದೆ ಕನ್ನಡದಲ್ಲಿ ಸಂಶೋಧನೆ ಶುರುವಾಗುವುದಿಲ್ಲ. ಗಂಡಸಿಯ ಬಗ್ಗೆ ಮೂರು ಪಂಥಗಳನ್ನು ಪ್ರಬಂಧಕಾರರು ಸ್ಥಳದಲ್ಲೇ ಸೃಷ್ಟಿಸಿದ್ದಾರೆ. ವೇದಾಂತ ಪಂಥದ ಪ್ರಕಾರ ಅದು ಗಂಡ + ಅಸಿ, ‘ನೀನು ಗಂಡನಾಗಿದ್ದೀಯೆ’. ತತ್ತ್ವಮಸಿಯ ಪಕ್ಕದಲ್ಲಿಡಬೇಕಾದ ಮಹಾವಾಕ್ಯ ಇದು. ಸಂತೆಗೆ ಹೊರಟವನ ಕೈಗೆ ಚೀಲ ಕೊಡುವಾಗ ಹೆಂಡತಿ ಉಪದೇಶಿಸುವಂಥದ್ದು. ಸೇನಾ ಪಂಥಕ್ಕೆ ‘ಅಸಿ’ ಎಂದರೆ ಕತ್ತಿ. ಶಾಸನ ಪಂಥದವರು ಹೊಯ್ಸಳರ ‘ಮಲೆಪರೊಳ್ಗಂಡ’ ಎಂಬ ಬಿರುದು ಹಿಡಿದು ಬಂದು, ಮಲೆಯ ಗಂಡ ಬಯಲಿಗೆ ಇಳಿದಾಗ ಸೆಖೆಗೆ ‘ಸಿ’ ಅಂಟಿಕೊಂಡಿತು ಎನ್ನುತ್ತಾರೆ. ಮೂರಕ್ಕೂ ಇರುವ ಆಧಾರ ಒಂದೇ: ಹೇಳುವಾಗ ಟೀ ಅಂಗಡಿಯಲ್ಲಿ ಯಾರೂ ಎದ್ದು ಹೋಗಲಿಲ್ಲ.

ನಗುವವರು ಬೇಲೂರಿಗೆ ಹೋಗಿ ಬರಲಿ. ಅಲ್ಲಿ ಒಂದು ರಾಜವಂಶವೇ ವ್ಯುತ್ಪತ್ತಿಯ ಮೇಲೆ ನಿಂತಿದೆ. ಗುರು ‘ಹೊಯ್ ಸಳ’ ಎಂದ, ಸಳ ಹುಲಿಯನ್ನು ಹೊಯ್ದ, ಹೊಯ್ಸಳ ವಂಶವಾಯಿತು. ತಲಕಾಡಿನಲ್ಲಿ ಚೋಳರನ್ನು ವಿಷ್ಣುವರ್ಧನ ಸೋಲಿಸಿದ್ದು 1116ರಲ್ಲಿ. ಚೋಳರ ಲಾಂಛನ ಹುಲಿ. ಮರುವರ್ಷವೇ, 1117ರಲ್ಲಿ, ಬೇಲೂರಿನ ಗುಡಿ ಎದ್ದಿತು. ಆದ್ದರಿಂದ ಸತ್ತದ್ದು ಹುಲಿಯಲ್ಲ, ರೂಪಕ ಎನ್ನುವ ಇತಿಹಾಸಕಾರರಿದ್ದಾರೆ. ಶಿಲ್ಪಿಗಳು ಮಾತ್ರ ಆ ರೂಪಕಕ್ಕೆ ಸಿಂಹದಂಥ ಕೇಸರ ಕೆತ್ತಿ ಜಗಳವನ್ನು ಒಂಬತ್ತು ಶತಮಾನಗಳ ಮಟ್ಟಿಗೆ ಜೀವಂತ ಇಟ್ಟರು. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಗೆ ಸೇರಿಸಿಕೊಂಡಿತು. ಹುಲಿಯೋ ಸಿಂಹವೋ ಎಂಬ ವ್ಯಾಜ್ಯ ಇನ್ನೂ ಸ್ಥಳೀಯವಾಗಿಯೇ ಉಳಿದಿದೆ.

ಪ್ರಮಾಣ ಪ್ರಕರಣ

ಈ ಸೀಮೆಯ ಓದುಗನಿಗೆ ಕಟ್ಟುಕತೆ ಯಾವುದು, ನಡೆದದ್ದು ಯಾವುದು ಎಂಬ ವಿವೇಕವಿಲ್ಲ ಎನ್ನುವುದು ಪೂರ್ವಪಕ್ಷ. ವಿವೇಕ ಇದೆ, ತಿರುಗುಮುರುಗಾಗಿದೆ ಎನ್ನುವುದು ಸಿದ್ಧಾಂತ.

ಉದಾಹರಣೆಗೆ ಜಕಣಾಚಾರಿ. ಬೇಲೂರಿನ ಚೆನ್ನಿಗರಾಯನ ಹೊಟ್ಟೆಯ ಕಲ್ಲಿನಲ್ಲಿ ಮಗನಿಗೆ ಕಪ್ಪೆ ಸಿಕ್ಕಿದ್ದು, ಅಪ್ಪ ಕೈ ಕತ್ತರಿಸಿಕೊಂಡದ್ದು, ಕೈದಾಳದಲ್ಲಿ ಕೈ ಮರಳಿ ಬಂದದ್ದು, ಇಷ್ಟೂ ಎಲ್ಲರಿಗೂ ಬಾಯಿಪಾಠ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರದಲ್ಲಿ ಅದನ್ನು ಬಣ್ಣದಲ್ಲೇ ಕಂಡ ಮೇಲೆ ಇನ್ನು ಪುರಾವೆ ಯಾತಕ್ಕೆ? ಬೇಲೂರಿನ ಮದನಿಕೆಯರ ಕಾಲಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿ ಹೋಗಿದ್ದಾರೆ. ಅರಸೀಕೆರೆಗೆ ಕೂಗಳತೆಯ ಹಾರನಹಳ್ಳಿಯಲ್ಲಿ 1235ರ ಸುಮಾರಿನ ಗುಡಿಗಳಲ್ಲಿ ದುಡಿದವನು ಮಲ್ಲಿತಮ್ಮ. ಇವರು ಸಹಿ ಹಾಕಿದವರು. ಸಹಿ ಹಾಕಿದವನನ್ನು ಅನುಮಾನಿಸುವುದು, ಸಹಿಯೇ ಇಲ್ಲದವನನ್ನು ನಂಬುವುದು ಗಂಡಸಿ ಹೋಬಳಿಯಲ್ಲಿ ಕೈಸಾಲದ ಕಾಲದಿಂದ ಬಂದ ರೂಢಿ.

ಗೋಡೆಯನ್ನೇ ಪುಸ್ತಕವೆಂದು ಓದುವವರ ಪಾಡು ಬೇರೆ. ಹಳೇಬೀಡಿನಲ್ಲಿ ಆನೆಯ ಸಾಲು, ಸಿಂಹದ ಸಾಲು, ಕುದುರೆ ಸಾಲು ದಾಟಿದರೆ ಪುರಾಣದ ಪಟ್ಟಿ ಸಿಗುತ್ತದೆ; ಚಕ್ರವ್ಯೂಹದ ಸುರುಳಿಯೊಳಗೆ ಅಭಿಮನ್ಯು ಇಂದಿಗೂ ಸಿಕ್ಕಿಕೊಂಡಿದ್ದಾನೆ. ತರೀಕೆರೆ ಸೀಮೆಯ ಅಮೃತಾಪುರದ ಗುಡಿಯಲ್ಲಿ (1196) ಉತ್ತರದ ಗೋಡೆಯ ಮೇಲೆ ಕೃಷ್ಣನ ಕತೆಗೆ 25, ಭಾರತಕ್ಕೆ 45 ಫಲಕ, ಎರಡೂ ಬಲಸುತ್ತು. ದಕ್ಷಿಣದ ಗೋಡೆಯ 70 ಫಲಕಗಳ ರಾಮಾಯಣ ಮಾತ್ರ ಎಡಸುತ್ತು. ಶ್ರದ್ಧೆಯಿಂದ ಪ್ರದಕ್ಷಿಣೆ ಬಂದವನಿಗೆ ಯುದ್ಧ ಮೊದಲು ಮುಗಿದು, ಆಮೇಲೆ ಸೀತೆ ಕಳೆದುಹೋಗಿ, ಕೊನೆಗೆ ರಾಮ ಹುಟ್ಟುತ್ತಾನೆ. ಕತೆ ಗೊತ್ತಿದ್ದವನಿಗೆ ಅದರಿಂದ ಏನೂ ತೊಂದರೆಯಾಗಿಲ್ಲ.

ಪಾಠಾಂತರ ಪ್ರಕರಣ

ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸರು 1919ರಿಂದ 1966ರವರೆಗೆ ಕೂತು, 1,259 ಹಸ್ತಪ್ರತಿ ತಾಳೆ ನೋಡಿ ಮಹಾಭಾರತವನ್ನು ಸೋಸಿದರು. ಸೋಸುವಾಗ, ವ್ಯಾಸರು ಹೇಳಿ ಗಣಪತಿ ಬರೆದ ಪ್ರಸಂಗ ಆಮೇಲೆ ಸೇರಿದ್ದೆಂದು ತೀರ್ಮಾನವಾಗಿ, ಲಿಪಿಕಾರನನ್ನೇ ಅನುಬಂಧಕ್ಕೆ ಕಳಿಸಿದರು. ಗಂಡಸಿ ಕಡೆ ಭಾರತ ಓದಿಸುವಾಗ ಮೊದಲ ಕೆಲಸ ಒಂದು ಹಿಡಿ ಸಗಣಿ ತಂದು, ಬೆನಕನನ್ನು ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸುವುದು. ಅನುಬಂಧದಲ್ಲಿದ್ದವನು ಬಂದು ಕೂರದೆ ಇಲ್ಲಿ ಮೂಲಪಾಠವೇ ಆರಂಭವಾಗುವುದಿಲ್ಲ.

ಮಳೆ ಕೈಕೊಟ್ಟ ವರ್ಷ ಓದಿಸುವುದು ಕುಮಾರವ್ಯಾಸನ ವಿರಾಟಪರ್ವವನ್ನು. ಇದನ್ನು ಮೂಢನಂಬಿಕೆ ಎಂದು ತಳ್ಳುವವರು ಪರ್ವವನ್ನು ಓದಿಲ್ಲ. ಅಜ್ಞಾತವಾಸದ ಪಾಂಡವರು ಎಲ್ಲಿದ್ದಾರೆಂದು ದುರ್ಯೋಧನ ತಲೆಕೆಡಿಸಿಕೊಂಡಾಗ ಭೀಷ್ಮರು ಕೊಟ್ಟ ಸುಳಿವೇ ಅದು: ಧರ್ಮರಾಯ ಇದ್ದ ನಾಡಿನಲ್ಲಿ ಕಾಲಕಾಲಕ್ಕೆ ಮಳೆಯಾಗುತ್ತದೆ, ಮೋಡ ನೋಡಿ ಹುಡುಕಿ. ಊರವರು ಸೂತ್ರವನ್ನು ತಿರುಗಿಸಿಕೊಂಡರು: ಧರ್ಮರಾಯನನ್ನು ಓದಿ ಕರೆಸಿದರೆ ಮೋಡ ಹಿಂದೆಯೇ ಬರಬೇಕು. ಗಮಕಿ ಒಂದು ಷಟ್ಪದಿ ಹಾಡಿದರೆ ವ್ಯಾಖ್ಯಾನಕಾರ ಅರ್ಧ ಗಂಟೆ ಹಿಡಿಯುತ್ತಾನೆ. ಕೀಚಕನ ಪ್ರಸಂಗ ಬರುವ ಹೊತ್ತಿಗೆ ಯಾವ ಪಂಚಾಯಿತಿ ಮೆಂಬರಿನ ಮಾತು ನಡೆಯುತ್ತಿದೆ ಎಂದು ಮಕ್ಕಳಿಗೂ ತಿಳಿದಿರುತ್ತದೆ.

ಪಾತ್ರಮೌಲ್ಯ ಪ್ರಕರಣ

ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ 1979ರಲ್ಲಿ ‘ಪರ್ವ’ ಪ್ರಕಟಿಸಿದರು. ಹಿಮಾಲಯ, ದ್ವಾರಕೆ, ಕುರುಕ್ಷೇತ್ರ ಸುತ್ತಿ ಬಂದು, ವರ, ಶಾಪ, ಪವಾಡಗಳನ್ನೆಲ್ಲ ಕಳಚಿ, ಮುಪ್ಪು, ಮತ್ಸರ, ಬೆವರು ಇರುವ ಮನುಷ್ಯರನ್ನಷ್ಟೇ ಉಳಿಸಿದರು. ಪ್ರಬಂಧಕಾರರು ಹ್ಯಾಂಡ್‌ಪೋಸ್ಟಿನಲ್ಲಿ ಈ ವಾಸ್ತವವಾದದ ಮಹತ್ವವನ್ನು ಇಪ್ಪತ್ತು ನಿಮಿಷ ವಿವರಿಸಿದರು. ಕೊಬ್ಬರಿ ಚೀಲದ ಮೇಲೆ ಕೂತು ಕೇಳಿದ ಹಿರಿಯರೊಬ್ಬರು ಕೊನೆಗೆ ಎತ್ತಿದ ಪ್ರಶ್ನೆ: “ಅದೆಲ್ಲ ಸರಿ ಸಾಮಿ, ಕರ್ಣಂಗೆ ಮಾಡಿದ್ದು ನ್ಯಾಯವಾ?”

ವಿಮರ್ಶೆಯ ಇನ್ನೊಂದು ಅಳತೆಗೋಲು ಪೌರಾಣಿಕ ನಾಟಕ. ಊರೂರಲ್ಲೂ ‘ಕುರುಕ್ಷೇತ್ರ’ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಆಡುವವರೇ ದುಡ್ಡು ಹಾಕಿ ಪಾತ್ರ ಹಿಡಿಯುವುದು ವಾಡಿಕೆ. ಹಾಡು, ಆರ್ಭಟ ಹೆಚ್ಚಿದಷ್ಟೂ ಪಾತ್ರದ ರೇಟು ಹೆಚ್ಚು. ಧರ್ಮ ಗೆದ್ದಿತೆಂದು ಪುರಾಣ ಹೇಳಿದರೂ ದುರ್ಯೋಧನನ ರೇಟಿಗೆ ಧರ್ಮರಾಯ ಇನ್ನೂ ಮುಟ್ಟಿಲ್ಲ. 2021ರಲ್ಲಿ ಮೈಸೂರಿನ ರಂಗಾಯಣ ‘ಪರ್ವ’ವನ್ನು ಎಂಟು ಗಂಟೆಯ ಹತ್ತಿರ ಹತ್ತಿರ ಆಡಿ ತೋರಿಸಿದಾಗ ಪೇಟೆಯವರು ಉದ್ದಕ್ಕೆ ಬೆರಗಾದರು. ರಾತ್ರಿ ಒಂಬತ್ತಕ್ಕೆ ಕೂತು, ತೊಡೆ ಮುರಿಯುವ ಹೊತ್ತಿಗೆ ಸೂರ್ಯನನ್ನು ಕಂಡವರಿಗೆ ಅದು ಮಾಮೂಲು.

ಫಲಶ್ರುತಿ

ಈ ಮೀಮಾಂಸೆಯನ್ನು ಬೆಳಿಗ್ಗೆ ಓದಿದವರಿಗೆ ಹಾಸನದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಸಂಜೆ ಓದಿದವರಿಗೆ ತಿಪಟೂರಿನಲ್ಲಿ ಕೊಬ್ಬರಿಗೆ ಒಳ್ಳೆಯ ರೇಟು. ಮಳೆ ಬಂದರೆ ಅದು ವಿರಾಟಪರ್ವದ ಪುಣ್ಯ. ಬಾರದಿದ್ದರೆ ಗಮಕಿ ಎಲ್ಲೋ ಒಂದು ಪದ ನುಂಗಿದ್ದಾನೆ. ಅರ್ಧಕ್ಕೆ ಬಿಟ್ಟವರಿಗೆ ಅರ್ಧ ಫಲ: ಬಸ್ಸು ಬರುತ್ತದೆ, ನಿಲ್ಲುವುದಿಲ್ಲ.